ತೆರೆಯ ಮೇಲೆ ಬಾರದ ಚಿತ್ರ

ಹಿಂದೆ ಶಾಲೆಗಳಲ್ಲಿಯೂ ಸಂಘಸಂಸ್ಥೆಗಳಲ್ಲಿಯೂ ಮ್ಯಾಜಿಕ್ ಲ್ಯಾಂಟರ್ನ್ ಉಪನ್ಯಾಸಗಳು ನಡೆಯುತ್ತಿದ್ದುವು. ಗಾಜಿನ ಫಲಕದ ಮೇಲಿನ ಚಿತ್ರವನ್ನು ದೀಪದ ಮುಂದೆ ಇರಿಸಿದರೆ, ಅದು ಮಸೂರದ ಮೂಲಕ ಹಿಗ್ಗಿ ಬಿಳಿಯ ಪರದೆಯ ಮೇಲೆ ಬೀಳುತ್ತಿದ್ದಿತು. ಮುಂದೆ 35 ಮಿಲಿಮೀಟರ್ ಫಿಲ್ಮಿನ ಸ್ಲೈಡುಗಳು ಬಂದುವು. 1961ರಲ್ಲಿ ಮಾರುಕಟ್ಟೆಗೆ ಬಂದ ಕೊಡಕ್ ಕ್ಯಾರೊಸೆಲ್ ಯಂತ್ರದ ದುಂಡನೆಯ ತಟ್ಟೆಯಲ್ಲಿ 80 ಸ್ಲೈಡುಗಳನ್ನು ಜೋಡಿಸಿ, ಗುಂಡಿಯೊತ್ತಿ ಒಂದೊಂದಾಗಿ ತೋರಿಸಬಹುದಾಗಿದ್ದಿತು. ಈ ಯಂತ್ರಗಳಲ್ಲಿ ಏನಾದರೂ ತಪ್ಪಿದರೆ ಅದರ ಕಾರಣವು ಕಣ್ಣಿಗೆ ಕಾಣುತ್ತಿದ್ದಿತು. ಸ್ಲೈಡು ತಲೆಕೆಳಗಾಗಿದ್ದರೆ ತಿರುಗಿಸಿ ಇಡುವುದು, ಸಿಕ್ಕಿಕೊಂಡಿದ್ದರೆ ಮೆಲ್ಲಗೆ ಎಳೆಯುವುದು, ದೀಪವು ಸುಟ್ಟಿದ್ದರೆ ಬದಲಾಯಿಸುವುದು—ಇಷ್ಟೇ ಚಿಕಿತ್ಸೆ.

ಕೊಡಕ್ ಕಂಪೆನಿಯು 2004ರಲ್ಲಿ ಸ್ಲೈಡು ಯಂತ್ರಗಳ ತಯಾರಿಕೆಯನ್ನು ನಿಲ್ಲಿಸಿತು. ಈಗ ಅದೇ ಕಾರ್ಯವನ್ನು ಮನೆಯ ಟೆಲಿವಿಷನ್ನೇ ಮಾಡುತ್ತದೆ. ಬೆರಳುದ್ದದ ಪೆನ್‌ಡ್ರೈವಿನಲ್ಲಿ ಸಾವಿರಾರು ಛಾಯಾಚಿತ್ರಗಳನ್ನು ತುಂಬಿ, ಟೆಲಿವಿಷನ್ನಿನ ಕಿಂಡಿಗೆ ಸಿಕ್ಕಿಸಿದರೆ ಸಾಕು. ಆದರೆ ಇಲ್ಲಿ ಏನಾದರೂ ತಪ್ಪಿದರೆ ಕಾರಣವು ಕಣ್ಣಿಗೆ ಬೀಳುವುದಿಲ್ಲ. ಅದನ್ನು ಯುಕ್ತಿಯಿಂದ ಹುಡುಕಬೇಕಾಗುತ್ತದೆ.

ಕೆಲವು ತಿಂಗಳುಗಳ ಹಿಂದೆ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಅಜ್ಜಿಯ 80ನೆಯ ವರ್ಷದ ಹುಟ್ಟುಹಬ್ಬ ನಡೆಯಿತು. ಮೊಮ್ಮಕ್ಕಳು ಹಳೆಯ ಆಲ್ಬಮ್ಮುಗಳಿಂದಲೂ ಹೊಸ ಮೊಬೈಲುಗಳಿಂದಲೂ 120 ಚಿತ್ರಗಳನ್ನು ಆರಿಸಿ ಪೆನ್‌ಡ್ರೈವಿಗೆ ತುಂಬಿದ್ದರು. ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿದ್ದುವು. ಸಂಜೆ ನೆಂಟರೆಲ್ಲ ಕುಳಿತ ಮೇಲೆ ಟೆಲಿವಿಷನ್ನಿಗೆ ಹಾಕಿದರೆ, ಕಂಡುವು 84 ಮಾತ್ರ! ಅವುಗಳಲ್ಲಿಯೂ ಕೆಲವು ಅಡ್ಡಬಿದ್ದಿದ್ದುವು. ಅಜ್ಜಿಯ ಮದುವೆಯ ಚಿತ್ರಕ್ಕಿಂತ ಮೊದಲೇ ಮೊಮ್ಮಗಳ ನಾಮಕರಣದ ಚಿತ್ರವು ಬಂದಿತು. ಅಜ್ಜಿಯವರು ಎಲ್ಲವನ್ನೂ ನೋಡಿ ಸಂತೋಷಪಟ್ಟರು. ಕೊನೆಯಲ್ಲಿ ಮಾತ್ರ, “ನಿಮ್ಮ ತಾತನ ಫೋಟೋ ಬರಲೇ ಇಲ್ಲವಲ್ಲೋ” ಎಂದರು. ಮೊಮ್ಮಗನು ಮರುದಿನ ನಮ್ಮಲ್ಲಿಗೆ ಬಂದು, “ಟಿವಿ ಕೆಟ್ಟಿದೆಯೋ ಪೆನ್‌ಡ್ರೈವ್ ಕೆಟ್ಟಿದೆಯೋ, ನೀವೇ ನೋಡಿ ಹೇಳಬೇಕು ಮಾವ” ಎಂದನು. ಪರೀಕ್ಷಿಸಿದಾಗ ಎರಡೂ ಕೆಟ್ಟಿರಲಿಲ್ಲ. ಹಾಗಾದರೆ ತಪ್ಪು ಎಲ್ಲಿತ್ತು? ಅದನ್ನು ಹುಡುಕಿದ ಬಗೆಯನ್ನೇ ಇಲ್ಲಿ ವಿವರಿಸುತ್ತೇವೆ.

ಚಿತ್ರವಲ್ಲ, ಅಂಕೆಗಳು

ಮೊದಲು ಒಂದು ಮೂಲಸಂಗತಿಯನ್ನು ತಿಳಿದಿರಬೇಕು. ಪೆನ್‌ಡ್ರೈವಿನಲ್ಲಿ ಇರುವುದು ಚಿತ್ರವಲ್ಲ, ಚಿತ್ರದ ವಿವರವನ್ನು ಹೇಳುವ ಅಂಕೆಗಳು. ಒಂದು ಮೊಬೈಲಿನ ಕ್ಯಾಮರಾವು ನೋಟವನ್ನು ಅಡ್ಡಲಾಗಿ 4000, ನೀಳವಾಗಿ 3000 ಬಿಂದುಗಳನ್ನಾಗಿ ವಿಭಾಗಿಸುತ್ತದೆಂದು ಇಟ್ಟುಕೊಳ್ಳೋಣ. ಈ ಬಿಂದುಗಳಿಗೆ ಪಿಕ್ಸೆಲ್ ಎಂದು ಹೆಸರು. ಅವುಗಳ ಒಟ್ಟು ಸಂಖ್ಯೆ 1 ಕೋಟಿ 20 ಲಕ್ಷ. ಪ್ರತಿಯೊಂದು ಬಿಂದುವಿನಲ್ಲಿಯೂ ಕೆಂಪು, ಹಸಿರು, ನೀಲಿ ಬಣ್ಣಗಳು ಎಷ್ಟೆಷ್ಟಿವೆಯೆಂದು ಹೇಳಲು ಮೂರು ಬೈಟುಗಳು ಬೇಕು. ಹೀಗೆ ಒಂದು ಚಿತ್ರಕ್ಕೆ 3 ಕೋಟಿ 60 ಲಕ್ಷ ಬೈಟುಗಳಾದುವು. ಆದರೆ ಅಂಥ ಚಿತ್ರದ ಕಡತವನ್ನು ತೂಗಿ ನೋಡಿದರೆ ಅನೇಕ ವೇಳೆ 40–50 ಲಕ್ಷ ಬೈಟುಗಳಷ್ಟೇ ಇರುತ್ತದೆ. ಉಳಿದುದೆಲ್ಲ ಏನಾಯಿತು?

ಅದನ್ನು ಸಂಕ್ಷೇಪಿಸಿ ಬರೆಯಲಾಗಿದೆ. ಚಿತ್ರವನ್ನು ಎಂಟೆಂಟು ಬಿಂದುಗಳ ಚಿಕ್ಕ ಚಿಕ್ಕ ಚೌಕಗಳನ್ನಾಗಿ ಮಾಡಿ, ಪ್ರತಿ ಚೌಕದಲ್ಲಿಯೂ ಬಣ್ಣವು ಮೆಲ್ಲಗೆ ಬದಲಾಗುವುದೆಷ್ಟು, ಥಟ್ಟನೆ ಬದಲಾಗುವುದೆಷ್ಟು ಎಂದು ಲೆಕ್ಕಹಾಕಿ, ಕಣ್ಣು ಗುರುತಿಸಲಾರದ ಅತಿಸೂಕ್ಷ್ಮ ಭೇದಗಳನ್ನು ಬಿಟ್ಟುಬಿಡುವುದೇ ಈ ಉಪಾಯ. ಇದಕ್ಕೆ ಆಧಾರವಾದುದು ‘ಕೊಸೈನ್ ಪರಿವರ್ತನೆ’ ಎಂಬ ಗಣಿತವಿಧಾನ. ಇದನ್ನು 1974ರಲ್ಲಿ ನಾಸಿರ್ ಅಹ್ಮದ್, ಟಿ. ನಟರಾಜನ್, ಕೆ. ಆರ್. ರಾವ್ ಎಂಬ ಮೂವರು ಪ್ರಕಟಿಸಿದರು. ಇವರಲ್ಲಿ ನಾಸಿರ್ ಅಹ್ಮದರು 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಅಲ್ಲಿಯೇ ಇಂಜಿನಿಯರಿಂಗ್ ಪದವಿಯನ್ನು ಪಡೆದು, ಅನಂತರ ಅಮೆರಿಕಕ್ಕೆ ತೆರಳಿದವರೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಹೆಮ್ಮೆಯ ವಿಷಯ. 1992ರಲ್ಲಿ ಅಂಗೀಕೃತವಾದ ‘ಜೆಪೆಗ್’ ಎಂಬ ಬರೆಹದ ಪದ್ಧತಿಯು ಈ ಗಣಿತದ ಮೇಲೆಯೇ ನಿಂತಿದೆ.

ಈ ಸಂಕ್ಷೇಪಲೇಖನವನ್ನು ಶೀಘ್ರಲಿಪಿಗೆ ಹೋಲಿಸಬಹುದು. ಒಬ್ಬನು ಬರೆದುಕೊಂಡ ಶೀಘ್ರಲಿಪಿಯನ್ನು ಅದೇ ಪದ್ಧತಿಯನ್ನು ಕಲಿತವನು ಮಾತ್ರ ಓದಬಲ್ಲನು. ಕಂಪ್ಯೂಟರಿಗೆ ಹೊಸ ಲಿಪಿಯನ್ನು ಯಾವಾಗ ಬೇಕಾದರೂ ಕಲಿಸಬಹುದು. ಹೊಸ ಪ್ರೋಗ್ರಾಮೊಂದನ್ನು ಹಾಕಿದರೆ ಆಯಿತು. ಟೆಲಿವಿಷನ್ನಿನ ಒಳಗೂ ಒಂದು ಪುಟ್ಟ ಕಂಪ್ಯೂಟರಿರುವುದು ನಿಜ. ಆದರೆ ಕಾರ್ಖಾನೆಯಲ್ಲಿ ಕಲಿಸಿಕೊಟ್ಟ ಕೆಲವೇ ಲಿಪಿಗಳನ್ನು ಅದು ಬಲ್ಲದು. ಆದುದರಿಂದಲೇ ಕಂಪ್ಯೂಟರಿನಲ್ಲಿ ಕಂಡ ಚಿತ್ರವು ಟೆಲಿವಿಷನ್ನಿನಲ್ಲಿಯೂ ಕಂಡೇ ತೀರಬೇಕೆಂಬ ನಿಯಮವಿಲ್ಲ.

ಮಾಯವಾದ 36 ಚಿತ್ರಗಳು

ನಾವು ಮೊದಲು ಮಾಡಿದ ಕೆಲಸವೆಂದರೆ ಕಾಣದೆ ಹೋದ 36 ಚಿತ್ರಗಳ ಪಟ್ಟಿಯನ್ನು ಬರೆದುದು. ದೋಷವನ್ನು ಹುಡುಕುವವನು ಮೊದಲು ಕೇಳಬೇಕಾದ ಪ್ರಶ್ನೆ, ‘ಕೆಟ್ಟವುಗಳಲ್ಲೆಲ್ಲ ಸಮಾನವಾಗಿರುವುದು ಏನು?’ ಎಂಬುದು. ಪಟ್ಟಿಯಲ್ಲಿ 35 ಚಿತ್ರಗಳು ಒಬ್ಬ ಮೊಮ್ಮಗಳ ಐಫೋನಿನಿಂದಲೇ ಬಂದಿದ್ದುವು! 2017ರಿಂದ ಈಚೆಗೆ ಆ ಮೊಬೈಲುಗಳು ಜೆಪೆಗ್ ಪದ್ಧತಿಯನ್ನು ಬಿಟ್ಟು, ಇನ್ನೂ ಕಡಿಮೆ ಸ್ಥಳವನ್ನು ತೆಗೆದುಕೊಳ್ಳುವ ‘ಎಚ್‌ಇಐಸಿ’ ಎಂಬ ಪದ್ಧತಿಯಲ್ಲಿ ಚಿತ್ರಗಳನ್ನು ಬರೆಯುತ್ತವೆ. ಬಂಧುಗಳ ಮನೆಯ ಟೆಲಿವಿಷನ್ನಿಗೆ ಈ ಲಿಪಿ ಬಾರದು. ಓದಲಾರದುದನ್ನು ಅದು ಸುಮ್ಮನೆ ಪಟ್ಟಿಯಿಂದಲೇ ಕೈಬಿಟ್ಟಿದ್ದಿತು.

ಹುಡುಗನು ಇದನ್ನು ಕೇಳಿದ ಕೂಡಲೇ ಕಡತದ ಹೆಸರಿನ ಕೊನೆಯ ಅಕ್ಷರಗಳನ್ನು ಅಳಿಸಿ ‘ಜೆಪಿಜಿ’ ಎಂದು ತಿದ್ದಿದನು. ಅದರಿಂದ ಪ್ರಯೋಜನವಾಗಲಿಲ್ಲ. ತೆಲುಗು ಪುಸ್ತಕದ ರಟ್ಟಿನ ಮೇಲೆ ಕನ್ನಡವೆಂದು ಚೀಟಿ ಅಂಟಿಸಿದರೆ ಒಳಗಿನ ಬರೆಹವು ಕನ್ನಡವಾಗುವುದೆ? ಕಡತವನ್ನು ಚಿತ್ರಗಳ ಪ್ರೋಗ್ರಾಮಿನಲ್ಲಿ ತೆರೆದು, ಜೆಪೆಗ್ ಆಗಿ ಹೊಸದಾಗಿ ಬರೆಯಿಸಬೇಕು. ಹಾಗೆ ಮಾಡಿದ ಮೇಲೆ 119 ಚಿತ್ರಗಳು ಕಂಡುವು. ಉಳಿದುದು ಒಂದೇ—ತಾತನ ಚಿತ್ರ. ಅದರ ಹೆಸರು ಮೊದಲಿನಿಂದಲೂ ಜೆಪಿಜಿ ಎಂದೇ ಇದ್ದಿತು. ಅದನ್ನು ಕೊನೆಗೆ ಇಟ್ಟುಕೊಳ್ಳೋಣ. ನಮಗೂ ಅದು ಕೊನೆಗೇ ಬಗೆಹರಿಯಿತು.

ಅಡ್ಡಬಿದ್ದವು, ಸರದಿ ತಪ್ಪಿದವು

ಕ್ಯಾಮರಾದ ಒಳಗಿನ ಬೆಳಕುಗ್ರಾಹಿಯು, ಮೊಬೈಲನ್ನು ಹೇಗೆ ಹಿಡಿದರೂ, ಸಾಲುಗಳನ್ನು ತನ್ನ ಒಂದೇ ಕ್ರಮದಲ್ಲಿ ಬರೆಯುತ್ತದೆ. ಮೊಬೈಲನ್ನು ನಿಲ್ಲಿಸಿ ತೆಗೆದ ಚಿತ್ರವು ಕಡತದಲ್ಲಿ ಮಲಗಿಯೇ ಇರುತ್ತದೆ. ಜೊತೆಯಲ್ಲಿ ‘ಎಕ್ಸಿಫ್’ ಎಂಬ ಟಿಪ್ಪಣಿಯಲ್ಲಿ 1ರಿಂದ 8ರವರೆಗಿನ ಒಂದು ಅಂಕೆಯನ್ನು ಬರೆದಿರುತ್ತದೆ. 1 ಎಂದಿದ್ದರೆ ಇದ್ದ ಹಾಗೆಯೇ ತೋರಿಸಬೇಕು; 6 ಎಂದಿದ್ದರೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ 90 ಡಿಗ್ರಿ ತಿರುಗಿಸಿ ತೋರಿಸಬೇಕು. ಕಂಪ್ಯೂಟರು ಈ ಟಿಪ್ಪಣಿಯನ್ನು ಓದಿ ಪಾಲಿಸುತ್ತದೆ. ಕೆಲವು ಟೆಲಿವಿಷನ್ನುಗಳು ಅದನ್ನು ಲೆಕ್ಕಿಸುವುದಿಲ್ಲ. ಬಿಂದುಗಳನ್ನೇ ನಿಜವಾಗಿ ತಿರುಗಿಸಿ ಬರೆಯಿಸಿದರೆ ಟಿಪ್ಪಣಿಯ ಹಂಗು ಉಳಿಯುವುದಿಲ್ಲ.

ಸರದಿ ತಪ್ಪಿದ ಕಾರಣವು ಇನ್ನೂ ಸರಳವಾದುದು. ಮಕ್ಕಳು ಚಿತ್ರಗಳಿಗೆ 1, 2, 3 ಎಂದು 120ರವರೆಗೆ ಹೆಸರಿಟ್ಟಿದ್ದರು. ಅನೇಕ ಟೆಲಿವಿಷನ್ನುಗಳು ಹೆಸರನ್ನು ಸಂಖ್ಯೆಯೆಂದು ಎಣಿಸದೆ, ನಿಘಂಟಿನ ಶಬ್ದಗಳಂತೆ ಒಂದೊಂದೇ ಅಕ್ಷರವನ್ನು ಹೋಲಿಸಿ ಜೋಡಿಸುತ್ತವೆ. ಆಗ 1 ಆದ ಮೇಲೆ 10, ಅದಾದ ಮೇಲೆ 100 ಬರುತ್ತದೆ. 2ರ ಸರದಿಯು ಬಹಳ ಹೊತ್ತಿನ ಮೇಲೆ! 001, 002, 003 ಎಂದು ಮೂರು ಅಂಕೆಗಳಲ್ಲಿ ಹೆಸರಿಟ್ಟರೆ ಎರಡು ಬಗೆಯ ಜೋಡಣೆಯೂ ಒಂದೇ ಆಗುತ್ತದೆ.

ಕೆಲವು ಚಿತ್ರಗಳು ಬರಲು ಬಹಳ ತಡವಾಗುತ್ತಿದ್ದುವು. ಕಡತವು ಚಿಕ್ಕದಾದರೂ, ಅದನ್ನು ಬಿಡಿಸಿದಾಗ ಮೇಲೆ ಹೇಳಿದ 3 ಕೋಟಿ 60 ಲಕ್ಷ ಬೈಟುಗಳಿಗೂ ಟೆಲಿವಿಷನ್ನು ಜಾಗವನ್ನು ಒದಗಿಸಬೇಕಷ್ಟೆ. ಆದರೆ ಸಾಮಾನ್ಯವಾದ ಫುಲ್ ಎಚ್‌ಡಿ ತೆರೆಯಲ್ಲಿ ಇರುವುದು ಅಡ್ಡಕ್ಕೆ 1920, ನೀಳಕ್ಕೆ 1080, ಒಟ್ಟು 20,73,600 ಬಿಂದುಗಳು ಮಾತ್ರ. ನಮ್ಮ ಚಿತ್ರದ ಅಡ್ಡಕ್ಕೂ ನೀಳಕ್ಕೂ 4:3ರ ಪ್ರಮಾಣವಿರುವುದರಿಂದ, ಅದು ಈ ತೆರೆಯಲ್ಲಿ 1440×1080 ಬಿಂದುಗಳನ್ನಷ್ಟೇ ತುಂಬಿ, ಎರಡು ಪಕ್ಕಗಳಲ್ಲಿಯೂ 240 ಬಿಂದುಗಳ ಕಪ್ಪು ಪಟ್ಟಿಯನ್ನು ಉಳಿಸುತ್ತದೆ. ಈ ಪಟ್ಟಿಯು ದೋಷವಲ್ಲ. ಅದನ್ನು ಹೋಗಲಾಡಿಸಲು ಚಿತ್ರವನ್ನು ಎಳೆದು ಅಗಲಮಾಡಿದರೆ ಎಲ್ಲರ ಮುಖಗಳೂ ದಪ್ಪವಾಗುವುವು! ತೆರೆಯ ಅಳತೆಗೆ ಕುಗ್ಗಿಸಿದ ಪ್ರತಿಗಳನ್ನು ಮಾಡಿಕೊಂಡರೆ ತಡವು ತಪ್ಪುತ್ತದೆ, ನೋಟಕ್ಕೆ ನಷ್ಟವಿಲ್ಲ. ಮೂಲಚಿತ್ರಗಳನ್ನು ಮಾತ್ರ ಎಂದಿಗೂ ಕುಗ್ಗಿಸಬಾರದು. ಕಳೆದುಕೊಂಡ ಬಿಂದುಗಳು ಮರಳಿ ಬಾರವು.

ಹಾಡು ಕೇಳಿತು, ಚಿತ್ರ ಕಾಣಲಿಲ್ಲ

ಇಷ್ಟಾದ ಮೇಲೆ ಹುಡುಗನಿಗೆ ಉತ್ಸಾಹ ಹೆಚ್ಚಿತು. ಒಂದೊಂದು ಚಿತ್ರಕ್ಕೆ 6 ಸೆಕೆಂಡಿನಂತೆ 119 ಚಿತ್ರಗಳನ್ನೂ ಪೋಣಿಸಿ, ಅಜ್ಜಿಗೆ ಪ್ರಿಯವಾದ ಹಾಡುಗಳನ್ನು ಸೇರಿಸಿ, ಸುಮಾರು 12 ನಿಮಿಷಗಳ ಚಲಚ್ಚಿತ್ರವೊಂದನ್ನು ಸಿದ್ಧಪಡಿಸಿದನು. ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಓಡಿತು. ಟೆಲಿವಿಷನ್ನಿನಲ್ಲಿ ಹಾಡು ಕೇಳಿತು, ತೆರೆಯು ಮಾತ್ರ ಕಪ್ಪಾಗಿಯೇ ಉಳಿಯಿತು.

ಧ್ವನಿಯು ಬಂದುದೇ ಇಲ್ಲಿ ದೊಡ್ಡ ಸುಳುಹು. ಪೆನ್‌ಡ್ರೈವು ಸರಿಯಾಗಿದೆ, ಕಡತವನ್ನು ಟೆಲಿವಿಷನ್ನು ತೆರೆದಿದೆ, ಒಳಗಿನ ಚಿತ್ರಭಾಗವನ್ನು ಮಾತ್ರ ಓದಲಾರದೆ ಹೋಗಿದೆ ಎಂದು ಅದರಿಂದ ತಿಳಿಯಿತು. ‘ಎಂಪಿ4’ ಎಂಬುದು ಒಂದು ಪೆಟ್ಟಿಗೆಯ ಹೆಸರು. ಅದರೊಳಗೆ ಚಿತ್ರವೂ ಧ್ವನಿಯೂ ಬೇರೆ ಬೇರೆ ಲಿಪಿಗಳಲ್ಲಿ ಇರುತ್ತವೆ. ಈ ಪೆಟ್ಟಿಗೆಯಲ್ಲಿ ಚಿತ್ರವು 2003ರ ‘ಎಚ್.264’ ಪದ್ಧತಿಯಲ್ಲಿಯೇ ಇದ್ದಿತು; ಅದನ್ನು ಈ ಟೆಲಿವಿಷನ್ನು ಬಲ್ಲದು. ಮತ್ತೇನು?

ನಮ್ಮ ಕಣ್ಣು ಬೆಳಕಿನ ಹೆಚ್ಚುಕಡಿಮೆಗಳನ್ನು ಗುರುತಿಸುವಷ್ಟು ನಯವಾಗಿ ಬಣ್ಣದ ಹೆಚ್ಚುಕಡಿಮೆಗಳನ್ನು ಗುರುತಿಸಲಾರದು. ಆದುದರಿಂದ ಟೆಲಿವಿಷನ್ನಿಗಾಗಿ ಬರೆಯುವಾಗ ಬೆಳಕನ್ನು ಪ್ರತಿಯೊಂದು ಬಿಂದುವಿಗೂ, ಬಣ್ಣವನ್ನು ಮಾತ್ರ ನಾಲ್ಕು ಬಿಂದುಗಳಿಗೆ ಒಂದರಂತೆಯೂ ಬರೆಯುವುದು ವಾಡಿಕೆ. ಇದನ್ನು 4:2:0 ಎಂದು ಸೂಚಿಸುತ್ತಾರೆ. ಸ್ಥಿರಚಿತ್ರಗಳಿಂದ ಚಲಚ್ಚಿತ್ರವನ್ನು ಮಾಡುವ ಕೆಲವು ಪ್ರೋಗ್ರಾಮುಗಳು, ನಾವು ಬೇರೆ ಹೇಳದಿದ್ದರೆ, ಬಣ್ಣವನ್ನೂ ಪ್ರತಿಯೊಂದು ಬಿಂದುವಿಗೂ ಬರೆದುಬಿಡುತ್ತವೆ, ಅದು 4:4:4. ಟೆಲಿವಿಷನ್ನುಗಳಿಗೆ ಈ ಉದಾರತೆಯೇ ಸಾಮಾನ್ಯವಾಗಿ ತೊಡಕಾಗುತ್ತದೆ. ಪ್ರೋಗ್ರಾಮಿನಲ್ಲಿ 4:2:0 ಎಂದು ಆರಿಸಿ ಮತ್ತೊಮ್ಮೆ ಬರೆಯಿಸಿದ ಕೂಡಲೇ ತೆರೆಯು ಬೆಳಗಿತು.

ಇಲ್ಲಿಯೇ ಮತ್ತೊಂದು ಮಾತು. ಪೆನ್‌ಡ್ರೈವುಗಳಲ್ಲಿ ಬಳಕೆಯಲ್ಲಿರುವ ‘ಫ್ಯಾಟ್32’ ಎಂಬ ವ್ಯವಸ್ಥೆಯು ಕಡತದ ಅಳತೆಯನ್ನು 32 ದ್ವಿಮಾನ ಅಂಕೆಗಳಲ್ಲಿ ಬರೆದಿಡುತ್ತದೆ. ಹೀಗಾಗಿ 4,29,49,67,295 ಬೈಟುಗಳಿಗಿಂತ ದೊಡ್ಡ ಕಡತಕ್ಕೆ ಅದರಲ್ಲಿ ಸ್ಥಳವಿಲ್ಲ. ಸೆಕೆಂಡಿಗೆ 10 ಲಕ್ಷ ಬೈಟಿನಂತೆ ಬರೆದ 12 ನಿಮಿಷದ ಚಿತ್ರಕ್ಕೆ 72 ಕೋಟಿ ಬೈಟುಗಳು ಸಾಕು. ಒಂದು ಗಂಟೆ 11 ನಿಮಿಷವನ್ನು ಮೀರಿದರೆ ಕಡತವು ಪೆನ್‌ಡ್ರೈವಿಗೆ ಹಿಡಿಯದು. ಈ ಮಿತಿಯಿಲ್ಲದ ಬೇರೆ ವ್ಯವಸ್ಥೆಗಳಿವೆಯಾದರೂ, ಹಳೆಯ ಟೆಲಿವಿಷನ್ನುಗಳಲ್ಲಿ ಕೆಲವು ಅವನ್ನು ಓದಲಾರವು. ಪೆನ್‌ಡ್ರೈವೇ ಇಲ್ಲವೆಂಬಂತೆ ಸುಮ್ಮನಿರುವುವು.

ತಾತನ ಚಿತ್ರ

ಇನ್ನು ಉಳಿದುದು ತಾತನ ಚಿತ್ರ. ಹೆಸರು ಸರಿ, ಅಳತೆ ಸರಿ, ಕಂಪ್ಯೂಟರಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಟೆಲಿವಿಷನ್ನು ಮಾತ್ರ ‘ಈ ಕಡತವನ್ನು ತೆರೆಯಲಾಗದು’ ಎನ್ನುತ್ತದೆ. ಜೆಪೆಗ್‌ನಲ್ಲಿಯೇ ‘ಪ್ರೊಗ್ರೆಸಿವ್’ ಎಂಬ ಒಂದು ಪ್ರಭೇದವುಂಟು. ಅದು ಇಡೀ ಚಿತ್ರವನ್ನು ಮೊದಲು ಮಸುಕಾಗಿ, ಬರಬರುತ್ತ ಸ್ಪಷ್ಟವಾಗಿ ಹಲವು ಸುತ್ತುಗಳಲ್ಲಿ ಬರೆಯುತ್ತದೆ. ಅದನ್ನು ಓದಲಾರದ ಟೆಲಿವಿಷನ್ನುಗಳು ಉಂಟೆಂದು ನಮಗೆ ಗೊತ್ತಿದ್ದುದರಿಂದ ಮೊದಲು ಅದನ್ನೇ ಶಂಕಿಸಿದೆವು. ಪರೀಕ್ಷಿಸಿದರೆ ಅದಲ್ಲ. ಆಗ ಹುಡುಗನನ್ನು, “ಈ ಚಿತ್ರವು ಎಲ್ಲಿಂದ ಬಂದಿತು?” ಎಂದು ಕೇಳಿದೆವು. ಕಲೆಬಿದ್ದ ಹಳೆಯ ಚಿತ್ರವನ್ನು ತಿದ್ದಿಸಿ ಕಟ್ಟುಹಾಕಿಸಲು ಮುದ್ರಣದವರಿಗೆ ಕೊಟ್ಟಿದ್ದರೆಂದೂ, ಅವರು ಕೊಟ್ಟ ಕಡತವೇ ಇದೆಂದೂ ತಿಳಿಸಿದನು.

ಉತ್ತರವು ಅಲ್ಲಿದ್ದಿತು. ತೆರೆಯು ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳನ್ನು ಕೂಡಿಸಿ ಬಣ್ಣಗಳನ್ನು ಹುಟ್ಟಿಸುತ್ತದೆ. ಮುದ್ರಣದಲ್ಲಿ ಬೆಳಕಿಲ್ಲ, ಶಾಯಿಯಿದೆ. ಆಕಾಶನೀಲಿಯನ್ನು ಹೋಲುವ ಸಯಾನ್, ನಸುನೇರಳೆಗೆಂಪಿನ ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಂದ ಅದು ನಡೆಯುತ್ತದೆ. ಮುದ್ರಣದವರು ತಮ್ಮ ಕೆಲಸಕ್ಕೆ ತಕ್ಕಂತೆ ಪ್ರತಿಯೊಂದು ಬಿಂದುವಿಗೂ ನಾಲ್ಕು ಅಂಕೆಗಳನ್ನು ಬರೆದಿದ್ದರು. ಜೆಪೆಗ್ ಪದ್ಧತಿಯು ಇದಕ್ಕೆ ಅವಕಾಶ ಕೊಡುತ್ತದೆ. ಆದರೆ ಮೂರನ್ನು ನಿರೀಕ್ಷಿಸಿದ ಟೆಲಿವಿಷನ್ನು ನಾಲ್ಕನ್ನು ಕಂಡು ನಿಂತುಹೋಗಿದ್ದಿತು. ಮೂರು ಬಣ್ಣಗಳ ಲೆಕ್ಕಕ್ಕೆ ಪರಿವರ್ತಿಸಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ವಾಚಕರು ಇದರಿಂದ ಗ್ರಹಿಸಬೇಕಾದುದು ಇಷ್ಟು. ಕ್ಯಾಮರಾ, ಕಡತ, ಪೆನ್‌ಡ್ರೈವು, ಟೆಲಿವಿಷನ್ನು ಎಂದು ಚಿತ್ರದ ದಾರಿಯನ್ನು ಮೆಟ್ಟಿಲುಗಳನ್ನಾಗಿ ವಿಂಗಡಿಸಬೇಕು. ಎಲ್ಲಿಯವರೆಗೆ ಸರಿಯಾಗಿ ಬಂದಿದೆಯೆಂದು ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ದೋಷವು ಹೋದರೂ ಕಾರಣವು ತಿಳಿಯುವುದಿಲ್ಲ. ತೋರಿಸಬೇಕಾದ ಟೆಲಿವಿಷನ್ನಿನಲ್ಲಿಯೇ ಹಿಂದಿನ ದಿನ ಒಮ್ಮೆ ಪೂರ್ತಿಯಾಗಿ ನೋಡಿಕೊಳ್ಳಬೇಕು.

ಮುಂದಿನ ಭಾನುವಾರ ಎಲ್ಲರೂ ಮತ್ತೆ ಕುಳಿತರು. ಈ ಸಲ ಚಿತ್ರಗಳು 120; ಎಲ್ಲವೂ ನೆಟ್ಟಗೆ, ಸರದಿಯ ಪ್ರಕಾರ ಬಂದುವು. ತಾತನ ಚಿತ್ರವು ಬಂದಾಗ ಅಜ್ಜಿಯವರು ಏನನ್ನೂ ಹೇಳಲಿಲ್ಲ. ಆರು ಸೆಕೆಂಡು ಸಾಲದೆಂದು ತೋರಿತೋ ಏನೋ, ಹುಡುಗನು ರಿಮೋಟಿನ ಗುಂಡಿಯನ್ನೊತ್ತಿ ಚಿತ್ರವನ್ನು ಅಲ್ಲಿಯೇ ನಿಲ್ಲಿಸಿದನು.