ಚಿಕ್ಕ ಶಾಲೆಯ ಪರೀಕ್ಷಾಫಲ

ಒಂದು ಪ್ರಾಥಮಿಕ ಶಾಲೆಯನ್ನು ಊಹಿಸಿಕೊಳ್ಳೋಣ. ಅದರ ಐದನೆಯ ತರಗತಿಯಲ್ಲಿ ಇರುವ ಮಕ್ಕಳು 12. ಕಳೆದ ವರ್ಷ ಅವರಲ್ಲಿ 9 ಮಂದಿ ಪ್ರಮಾಣೀಕೃತ ಪರೀಕ್ಷೆಯಲ್ಲಿ ನಿಯತಮಟ್ಟವನ್ನು ಮುಟ್ಟಿದರು; ಈ ವರ್ಷ ಮುಟ್ಟಿದವರು 6 ಮಂದಿ ಮಾತ್ರ. ನೂರಕ್ಕೆ 75 ಇದ್ದ ಫಲಿತಾಂಶ 50ಕ್ಕೆ ಇಳಿಯಿತು. ಉಪಾಧ್ಯಾಯರು ಅವರೇ, ಪಠ್ಯಪುಸ್ತಕವೂ ಅದೇ. ಮೇಲಧಿಕಾರಿಗಳಿಂದ ಕಾರಣ ಕೇಳಿ ಪತ್ರ ಬರುತ್ತದೆ. ಇದಕ್ಕೆ ಆ ಉಪಾಧ್ಯಾಯರು ಏನೆಂದು ಉತ್ತರ ಬರೆಯಬೇಕು? ಈ ಪ್ರಶ್ನೆಯು ಸಂಖ್ಯಾಶಾಸ್ತ್ರಕ್ಕೆ ಸೇರಿದ್ದೆಂಬುದನ್ನು ಪತ್ರ ಬರೆದವರೂ ಓದಿದವರೂ ಸಾಮಾನ್ಯವಾಗಿ ಮರೆತಿರುತ್ತಾರೆ.

ಪ್ರಮಾಣೀಕೃತ ಪರೀಕ್ಷೆ ಎಂದರೆ ಎಲ್ಲ ಶಾಲೆಗಳಲ್ಲಿಯೂ ಒಂದೇ ಬಗೆಯ ಪ್ರಶ್ನೆಗಳನ್ನು, ಒಂದೇ ಅವಧಿಯಲ್ಲಿ, ಒಂದೇ ನಿಯಮದಂತೆ ಕೊಟ್ಟು, ಒಂದೇ ಅಳತೆಗೋಲಿನಿಂದ ಬೆಲೆಕಟ್ಟುವ ಪರೀಕ್ಷೆ. ಅಳತೆಗೋಲು ಒಂದೇ ಆದುದರಿಂದ ಅಳತೆಯ ವಿಶ್ವಾಸಾರ್ಹತೆಯೂ ಎಲ್ಲೆಡೆ ಒಂದೇ ಎಂದು ಭಾವಿಸುವುದು ಸಹಜ. ತಪ್ಪು ಹುಟ್ಟುವುದು ಇಲ್ಲಿಯೇ.

ನಮ್ಮ ಶಾಲೆಯಲ್ಲಿ ಒಂದು ಮಗುವಿನ ಬೆಲೆ ನೂರಕ್ಕೆ 8ಕ್ಕಿಂತ ಹೆಚ್ಚು. ಪರೀಕ್ಷೆಯ ದಿನ ಒಬ್ಬನಿಗೆ ಜ್ವರ ಬಂದರೆ ಶಾಲೆಯ ಅಂಕ ಅಷ್ಟು ಕುಸಿಯುತ್ತದೆ. 120 ಮಕ್ಕಳಿರುವ ಶಾಲೆಯಲ್ಲಿ ಅದೇ ಜ್ವರ ನೂರಕ್ಕೆ ಒಂದನ್ನೂ ಕದಲಿಸದು. ಸರಾಸರಿಯ ಚಂಚಲತೆಯು ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ ಎಂಬ ಸೂತ್ರವನ್ನು ಲಂಡನ್ನಿನಲ್ಲಿ ನೆಲಸಿದ್ದ ಫ್ರೆಂಚ್ ಗಣಿತಜ್ಞ ಅಬ್ರಹಾಂ ದ ಮ್ವಾವ್ರ 1730ರಷ್ಟು ಹಿಂದೆಯೇ ಕೊಟ್ಟಿದ್ದನು. ಪ್ರತಿಯೊಂದು ಮಗುವೂ ಮಟ್ಟ ಮುಟ್ಟುವ ಸಂಭವನೀಯತೆ ನೂರಕ್ಕೆ 60 ಎಂದಿಟ್ಟುಕೊಂಡರೆ, 120 ಮಕ್ಕಳ ಶಾಲೆಯ ಫಲಿತಾಂಶದ ಪ್ರಮಾಣದೋಷ ಸುಮಾರು 4.5, 12 ಮಕ್ಕಳ ಶಾಲೆಯದು ಸುಮಾರು 14. ಎರಡು ವರ್ಷಗಳ ಅಂತರವನ್ನು ಲೆಕ್ಕಿಸುವಾಗ ಎರಡೂ ವರ್ಷಗಳ ದೋಷ ಕೂಡಿಕೊಂಡು ಅದು 20 ಆಗುತ್ತದೆ. ಎಂದರೆ, ಬೋಧನೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾಗದಿದ್ದರೂ, ಮೂವರು ಅಥವಾ ಅದಕ್ಕೂ ಹೆಚ್ಚು ಮಕ್ಕಳ ಏರಿಕೆಯೋ ಇಳಿತವೋ ಹತ್ತು ವರ್ಷಗಳಲ್ಲಿ ಸುಮಾರು ಮೂರು ಬಾರಿ ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಉಪಾಧ್ಯಾಯರನ್ನು ಕೇಳಿದ ಆ ಕಾರಣವು ಇಲ್ಲದೆಯೇ ಇರಬಹುದು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಹೊವಾರ್ಡ್ ವೇನರ್ ಮತ್ತು ಅವರ ಸಹಲೇಖಕರು ಪೆನ್ಸಿಲ್ವೇನಿಯ ರಾಜ್ಯದ 1,662 ಶಾಲೆಗಳ ಪರೀಕ್ಷಾಫಲವನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದರು. ಅತ್ಯುತ್ತಮವಾದ 50 ಶಾಲೆಗಳಲ್ಲಿ 6 ಶಾಲೆಗಳು ಅತಿ ಚಿಕ್ಕವಾದ 50ರ ಗುಂಪಿಗೆ ಸೇರಿದ್ದುವು. ಗಾತ್ರಕ್ಕೂ ಸಾಧನೆಗೂ ಸಂಬಂಧವಿಲ್ಲದಿದ್ದರೆ ಒಂದೋ ಎರಡೋ ಇರಬೇಕಾಗಿತ್ತು. ಇಷ್ಟನ್ನೇ ನೋಡಿ ನಿಲ್ಲಿಸಿದವನು ಚಿಕ್ಕ ಶಾಲೆಯೇ ಶ್ರೇಷ್ಠವೆಂದು ತೀರ್ಮಾನಿಸುವನು. ಆದರೆ ಪಟ್ಟಿಯ ತಳಭಾಗವನ್ನು ನೋಡಿದಾಗ, ಅತ್ಯಂತ ಕೆಳಗಿನ 50 ಶಾಲೆಗಳಲ್ಲಿಯೂ 9 ಶಾಲೆಗಳು ಅದೇ ಅತಿ ಚಿಕ್ಕ ಗುಂಪಿನವಾಗಿದ್ದುವು! ಚಿಕ್ಕ ಶಾಲೆಗಳು ಉತ್ತಮವೂ ಅಲ್ಲ, ಅಧಮವೂ ಅಲ್ಲ. ಅವುಗಳ ಸರಾಸರಿ ಹೆಚ್ಚು ತೂಗಾಡುತ್ತದೆ, ಅಷ್ಟೆ. ಪಟ್ಟಿಯ ಮೇಲ್ತುದಿಯನ್ನು ಮಾತ್ರ ನೋಡುವ ಅಭ್ಯಾಸ ಅಗ್ಗದ್ದಲ್ಲ. ದೊಡ್ಡ ಪ್ರೌಢಶಾಲೆಗಳನ್ನು ಒಡೆದು ಚಿಕ್ಕವನ್ನಾಗಿ ಮಾಡುವ ಕಾರ್ಯಕ್ಕೆ ಗೇಟ್ಸ್ ಪ್ರತಿಷ್ಠಾನವು 2000ದ ಅನಂತರದ ವರ್ಷಗಳಲ್ಲಿ ನೂರು ಕೋಟಿ ಡಾಲರುಗಳಿಗೂ ಮಿಕ್ಕ ಹಣವನ್ನು ವೆಚ್ಚಮಾಡಿ, ಆ ದಶಕ ಮುಗಿಯುವ ಮೊದಲೇ ಗಾತ್ರದ ಮೇಲಿಟ್ಟಿದ್ದ ಒತ್ತನ್ನು ಕೈಬಿಟ್ಟಿತು.

ಸರಾಸರಿಯ ಈ ತೂಗಾಟಕ್ಕೆ ಕಾನೂನಿನ ಬಲ ಸೇರಿದಾಗ ವಿಷಯ ಗಂಭೀರವಾಗುತ್ತದೆ. 2002ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಸಹಿ ಮಾಡಿದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯಿದೆಯು 3ರಿಂದ 8ನೆಯ ತರಗತಿಯವರೆಗೆ ಪ್ರತಿವರ್ಷವೂ ಓದು ಮತ್ತು ಗಣಿತದ ಪರೀಕ್ಷೆಗಳನ್ನು ವಿಧಿಸಿತು. ಎರಡು ವರ್ಷ ಒಂದೇ ಸಮನೆ ನಿಗದಿಯಾದ ಪ್ರಗತಿ ತೋರದ ಶಾಲೆಯನ್ನು ಸುಧಾರಣೆ ಬೇಕಾದ ಶಾಲೆಯೆಂದು ಗುರುತಿಸಲಾಗುತ್ತಿತ್ತು. ಮುಂದಿನ ಕ್ರಮಗಳು ಕ್ರಮೇಣ ಕಠಿಣವಾಗುತ್ತಿದ್ದುವು. ತಾಮಸ್ ಕೇನ್ ಮತ್ತು ಡಗ್ಲಸ್ ಸ್ಟೈಗರ್ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಕೆರೊಲಿನದ ಅಂಕಗಳನ್ನು ಶೋಧಿಸಿ, ಬಹುಮಾನಗಳು ಚಿಕ್ಕ ಶಾಲೆಗಳಿಗೆ ಅವುಗಳ ಪಾಲಿಗಿಂತ ಬಹಳ ಹೆಚ್ಚಾಗಿ ದೊರೆಯುತ್ತಿದ್ದುದನ್ನೂ ವರ್ಷದಿಂದ ವರ್ಷಕ್ಕೆ ಕಾಣುವ ಏರಿಳಿತದಲ್ಲಿ ಬಹುಭಾಗ ಉಳಿಯದೆ ಅಳಿಸಿಹೋಗುವುದನ್ನೂ 2002ರಲ್ಲಿಯೇ ತೋರಿಸಿದ್ದರು. ಪರೀಕ್ಷೆಯ ದಿನ ಆಟದ ಬಯಲಿನಲ್ಲಿ ಬೊಗಳುವ ನಾಯಿಯೊಂದು ಇಡೀ ತರಗತಿಯ ಅಂಕವನ್ನು ಕೆಡಿಸಬಲ್ಲದೆಂದು ಅವರು ಕೊಟ್ಟ ದೃಷ್ಟಾಂತವು ನಮ್ಮ ಉಪಾಧ್ಯಾಯರಿಗೆ ವಿವರಣೆಯಿಲ್ಲದೆಯೇ ಅರ್ಥವಾಗುವಂಥದು.

ಇನ್ನೊಂದು ಮೋಸ ಇದಕ್ಕಿಂತ ಸೂಕ್ಷ್ಮವಾದುದು. ದುರದೃಷ್ಟದಿಂದ ಒಂದು ವರ್ಷ ಬಹಳ ಕೆಳಗಿಳಿದ ಶಾಲೆಯು ಮರುವರ್ಷ ಯಾರೂ ಏನೂ ಮಾಡದಿದ್ದರೂ ಮೇಲೇರುವ ಸಂಭವವೇ ಹೆಚ್ಚು. ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿಗಳ ಮತ್ತು ಮಕ್ಕಳ ಎತ್ತರಗಳನ್ನು ಹೋಲಿಸಿ 1886ರಲ್ಲಿ ವಿವರಿಸಿದ ‘ಸರಾಸರಿಯತ್ತ ಹಿಮ್ಮರಳುವಿಕೆ’ ಇದೇ. ಆ ನಡುವೆ ಎಚ್ಚರಿಕೆಯ ಪತ್ರ ಬಂದಿದ್ದರೆ ಕೀರ್ತಿ ಪತ್ರಕ್ಕೆ. ಮುಖ್ಯೋಪಾಧ್ಯಾಯರ ವರ್ಗವಾಗಿದ್ದರೆ ಕೀರ್ತಿ ಹೊಸಬರಿಗೆ. ಹಳಬರ ಮೇಲೆ ಬಂದ ಅಪವಾದ ಮಾತ್ರ ಹಾಗೆಯೇ ಉಳಿಯುತ್ತದೆ.

ಹಾಗಾದರೆ ಚಿಕ್ಕ ಶಾಲೆಗಳನ್ನು ಲೆಕ್ಕದಿಂದಲೇ ಬಿಟ್ಟುಬಿಡಬಹುದೆ? ಅಮೆರಿಕದ ರಾಜ್ಯಗಳು ಒಂದು ಮಟ್ಟಿಗೆ ಹಾಗೆಯೇ ಮಾಡಿದುವು. ವಿದ್ಯಾರ್ಥಿವರ್ಗವೊಂದರಲ್ಲಿ ಇಂತಿಷ್ಟು ಮಕ್ಕಳಿಲ್ಲದಿದ್ದರೆ ಅದರ ಫಲಿತಾಂಶವನ್ನು ಪ್ರತ್ಯೇಕವಾಗಿ ಗಣಿಸಬಾರದೆಂದು ಕನಿಷ್ಠಸಂಖ್ಯೆಯನ್ನು ಗೊತ್ತುಮಾಡಿಕೊಂಡುವು. ಇದರಿಂದ ಅನ್ಯಾಯದ ಛಾಪೆ ತಪ್ಪಿತು, ನಿಜ. ಆದರೆ ಆ ಶಾಲೆಯ ಬಡಮಕ್ಕಳೂ ಅಂಗವಿಕಲ ಮಕ್ಕಳೂ ಓದಲಾರದೆ ಉಳಿದಿದ್ದರೆ ಆ ಸಂಗತಿಯೂ ಮರೆಯಾಯಿತು. 2015ರ ಡಿಸೆಂಬರಿನಲ್ಲಿ ಹಿಂದಿನ ಕಾಯಿದೆಯ ಸ್ಥಾನಕ್ಕೆ ಬೇರೊಂದು ಬಂದರೂ ಕನಿಷ್ಠಸಂಖ್ಯೆಯ ಪದ್ಧತಿ ಹೋಗಲಿಲ್ಲ. ಆಕಸ್ಮಿಕದ ಹೆಸರಿನಲ್ಲಿ ಅಲಕ್ಷ್ಯವನ್ನು ಮುಚ್ಚುವುದನ್ನು ನಾವು ಒಪ್ಪುವುದಿಲ್ಲ. ಐದು ವರ್ಷವೂ ಕೆಳಗೇ ಉಳಿದ ಶಾಲೆಯ ವಿಷಯದಲ್ಲಿ ದ ಮ್ವಾವ್ರನ ಸೂತ್ರ ಯಾರ ರಕ್ಷಣೆಗೂ ಬರುವುದಿಲ್ಲ.

ಬೆರಳೆಣಿಕೆಯ ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗಳು ಕರ್ನಾಟಕಕ್ಕೂ, ವಿಶೇಷವಾಗಿ ಮಲೆನಾಡಿಗೆ, ಹೊಸವಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶದ ಕಾಲದಲ್ಲಿ ನೂರಕ್ಕೆ ನೂರು ಪಡೆದ ಶಾಲೆಗಳ ಪಟ್ಟಿಯನ್ನೂ ಸೊನ್ನೆ ಪಡೆದವುಗಳ ಪಟ್ಟಿಯನ್ನೂ ಪತ್ರಿಕೆಗಳಲ್ಲಿ ಓದುವ ನಾವು, ಪರೀಕ್ಷೆಗೆ ಕುಳಿತವರು ಎಷ್ಟು ಮಂದಿ ಎಂದು ಮೊದಲು ಕೇಳುವುದು ಒಳ್ಳೆಯದು.

ಮೊದಲಿನ ಉಪಾಧ್ಯಾಯರ ಉತ್ತರಕ್ಕೆ ಬರೋಣ. ಅದಕ್ಕೂ ಹಿಂದಿನ ವರ್ಷ 12ರಲ್ಲಿ 7 ಮಂದಿ ಮಟ್ಟ ಮುಟ್ಟಿದ್ದರೆನ್ನೋಣ. ಮೂರು ವರ್ಷ ಕೂಡಿಸಿದರೆ 36ರಲ್ಲಿ 22, ನೂರಕ್ಕೆ 61; ಪ್ರಮಾಣದೋಷ 14ರಿಂದ 8ಕ್ಕೆ ಇಳಿಯುತ್ತದೆ. ಅವರು ಈ ಅಂಕಿಯನ್ನು ದೋಷಸಹಿತವಾಗಿ ಬರೆದು, ಅದರ ಕೆಳಗೆ ಈ ವರ್ಷ ಮಟ್ಟ ಮುಟ್ಟದ 6 ಮಕ್ಕಳು ಯಾವ ಯಾವ ಪ್ರಶ್ನೆಯಲ್ಲಿ ಎಡವಿದರೆಂಬುದನ್ನು ಒಂದೊಂದು ಸಾಲಿನಲ್ಲಿ ಸೇರಿಸಬಹುದು. 120 ಮಕ್ಕಳ ಶಾಲೆಯಲ್ಲಿ ಇದು ವಾರಗಟ್ಟಲೆಯ ಕೆಲಸ; ಇಲ್ಲಿ ಒಂದು ಸಂಜೆ ಸಾಕು.