ಮಡಿಚುವ ಚಾಕುವೋ, ಒರೆಯ ಕತ್ತಿಯೋ?

ಪೊಳ್ಳಾಚಿಯಿಂದ ಉಡುಮಲೈಪೇಟೆಯವರೆಗೆ ಹಬ್ಬಿರುವ ತೆಂಗಿನ ತೋಟಗಳಲ್ಲಾಗಲಿ, ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಾಗಲಿ ಅಲಗಿಲ್ಲದೆ ದಿನದ ಕೆಲಸ ಸಾಗದು. ಎಳನೀರು ಕೆತ್ತಲು ಮಚ್ಚು, ಮೇವು ಕೊಯ್ಯಲು ಕುಡುಗೋಲು, ನೂಲಿಗೆ ಕಿರುಕತ್ತರಿ, ಕಟ್ಟು ಬಿಚ್ಚಲು ಚಾಕು ಬೇಕೇ ಬೇಕು. ಈ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಮನೆಮಾತಿನ ಒಕ್ಕಲಿಗ ಹಾಗೂ ದೇವಾಂಗ ಕುಟುಂಬಗಳಿಗೆ ಅಲಗು ಪರಿಚಿತವಾಗಿರುವುದು ಆಯುಧವಾಗಿ ಅಲ್ಲ, ಉಪಕರಣವಾಗಿ. ಆದರೆ ಉಪಕರಣವು ಯಾವ ಗೆರೆ ದಾಟಿದರೆ ಆಯುಧವಾಗುತ್ತದೆ ಎಂಬುದನ್ನು ಹೆತ್ತವರು ಅರಿತಿರಬೇಕು. ಇಂದು ಅಂಗಡಿಗಳಲ್ಲಿ ಬಗೆಬಗೆಯ ಚಾಕುಗಳು ಸುಲಭವಾಗಿ ದೊರೆಯುತ್ತಿರುವಾಗ ಈ ಅರಿವು ಇನ್ನೂ ಅಗತ್ಯ.

ಮೊದಲು ರಚನೆಯನ್ನು ನೋಡೋಣ. ಸಾಧಾರಣ ಮಡಿಚುವ ಚಾಕುವಿನಲ್ಲಿ ಅಲಗು ತೆರೆದು ನಿಲ್ಲುವುದು ಕೇವಲ ಸ್ಪ್ರಿಂಗಿನ ಬಿಗಿಯಿಂದ. ಗಟ್ಟಿಯಾದ ವಸ್ತುವಿಗೆ ಚುಚ್ಚಿ ಒತ್ತಿದರೆ ಅದು ಹಿಡಿದವನ ಬೆರಳುಗಳ ಮೇಲೆಯೇ ಮಡಿಚಿಕೊಳ್ಳಬಹುದು. ಲಾಕ್ ಇರುವ ಚಾಕುವಿನಲ್ಲಿ ಲೋಹದ ಪಟ್ಟಿಯೊಂದು ಅಲಗಿನ ಬುಡಕ್ಕೆ ಅಡ್ಡವಾಗಿ ನಿಂತು ಈ ಅಪಾಯವನ್ನು ತಡೆಯುತ್ತದೆ. ಎಂದರೆ, ಲಾಕ್ ಇರುವುದು ಬಳಸುವವನ ಬೆರಳುಗಳ ರಕ್ಷಣೆಗಾಗಿ. ಆದರೂ ತೆಂಗಿನ ನಾರು, ಬಾಳೆಯ ಸೊನೆ, ಹತ್ತಿಯ ಧೂಳು ಸಂದಿಯಲ್ಲಿ ಸೇರಿದರೆ ಲಾಕ್ ಪೂರ್ತಿ ಕೂಡದು. ಅದನ್ನು ಆಗಾಗ ಶುಚಿಗೊಳಿಸುತ್ತಿರಬೇಕು. ಸ್ಥಿರ ಅಲಗಿನ ಕತ್ತಿಗೆ ಕೀಲೇ ಇಲ್ಲ. ಅದು ಬಲವಾದದ್ದು, ತೊಳೆಯಲು ಸುಲಭ. ಆದರೆ ಒರೆಯಿಲ್ಲದೆ ಅದನ್ನು ಒಯ್ಯುವಂತಿಲ್ಲ. ಆದುದರಿಂದ ತೋಟದ ಕೆಲಸಕ್ಕೆ ಸ್ಥಿರ ಅಲಗು, ಹಣ್ಣು ಹೆಚ್ಚುವಂತಹ ಸಣ್ಣ ಕೆಲಸಕ್ಕೆ ಲಾಕ್ ಇರುವ ಚಿಕ್ಕ ಚಾಕು ತಕ್ಕದ್ದು.

ಇನ್ನು ಕಾನೂನು. 1959ರ ಆಯುಧ ಅಧಿನಿಯಮವು ಆಕ್ರಮಣಕ್ಕಾಗಲಿ ರಕ್ಷಣೆಗಾಗಲಿ ರೂಪಿಸಿದ ವಸ್ತುಗಳನ್ನು ಆಯುಧವೆನ್ನುತ್ತದೆ. ಕೇವಲ ಗೃಹಕೃತ್ಯ ಅಥವಾ ಕೃಷಿಗಾಗಿ ರೂಪಿಸಿದವುಗಳನ್ನು ಹೊರಗಿಡುತ್ತದೆ. 2016ರ ಆಯುಧ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಕತ್ತಿಗಳನ್ನು ಆಯುಧಗಳ ಪಟ್ಟಿಗೆ ಸೇರಿಸುತ್ತವೆ. ಅಲ್ಲಿಯೂ ಮನೆ, ಕೃಷಿ, ಕೈಗಾರಿಕೆಗಳ ಉಪಕರಣಗಳಿಗೆ ವಿನಾಯಿತಿಯುಂಟು. ಇಂಥ ಆಯುಧಗಳಿಗೆ ನಿರ್ದಿಷ್ಟ ಪ್ರದೇಶದಲ್ಲಿ ಪರವಾನಗಿ ಬೇಕೆಂದು ಕೇಂದ್ರ ಸರ್ಕಾರವು 4ನೆಯ ಕಲಮಿನ ಅಡಿ ಅಧಿಸೂಚನೆ ಹೊರಡಿಸಬಹುದು. ದೆಹಲಿಯಲ್ಲಿ 1980ರ ಅಧಿಸೂಚನೆಯು ಗುಂಡಿ ಒತ್ತಿದರೆ ಅಥವಾ ಸ್ಪ್ರಿಂಗಿನಿಂದ ತೆರೆಯುವ, 7.62 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ಅಲಗುಳ್ಳ ಚಾಕುಗಳನ್ನೂ ನಿಯಂತ್ರಣಕ್ಕೆ ತಂದಿದೆ. ಮಡಿಚಿದೆ ಎಂಬ ಒಂದೇ ಕಾರಣಕ್ಕೆ ಚಾಕು ನಿರಪಾಯವೆಂದು ಕಾನೂನು ಭಾವಿಸುವುದಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ತೋಟದಲ್ಲಿರುವ ಮಚ್ಚನ್ನು ಯಾರೂ ಪ್ರಶ್ನಿಸರು. ಅದೇ ಮಚ್ಚು ನಡುರಾತ್ರಿ ಬಸ್ ನಿಲ್ದಾಣದಲ್ಲಿ ಬೈಕಿನ ಸೀಟಿನಡಿ ಸಿಕ್ಕರೆ ಉತ್ತರ ಕೊಡಬೇಕಾದವನು ಅದನ್ನು ಒಯ್ದವನು.

"ಆತ್ಮರಕ್ಷಣೆಗಾಗಿ ಇಟ್ಟುಕೊಂಡಿದ್ದೇನೆ" ಎಂಬ ಮಾತು ಯುವಕರ ಬಾಯಲ್ಲಿ ಸಾಮಾನ್ಯ. ಕಾನೂನು ಆತ್ಮರಕ್ಷಣೆಯ ಹಕ್ಕನ್ನು ಮನ್ನಿಸುತ್ತದೆ, ನಿಜ. ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚು ಹಾನಿ ಮಾಡಲು ಅದು ಅವಕಾಶವೀಯದು. ಮಾತಿನ ಜಗಳದಲ್ಲಿ ಜೇಬಿನ ಚಾಕು ಹೊರಬಂದರೆ ಕೈಕೈ ಮಿಲಾಯಿಸಿ ಮುಗಿಯಬಹುದಾಗಿದ್ದದ್ದು ಭಾರತೀಯ ನ್ಯಾಯ ಸಂಹಿತೆಯ 118ನೆಯ ಕಲಮಿಗೆ ಏರುತ್ತದೆ. ಕೊಯ್ಯುವ ಅಥವಾ ಇರಿಯುವ ಸಾಧನದಿಂದ ಮಾಡಿದ ಸಾಧಾರಣ ಗಾಯಕ್ಕೂ ಅಲ್ಲಿ 3 ವರ್ಷಗಳವರೆಗೆ ಸೆರೆವಾಸವಾಗಬಹುದು. ಹಿಂಜರಿಯಲು ಒಂದು ಕ್ಷಣ ಸಿಕ್ಕಿದ್ದರೆ ಉಳಿಯುತ್ತಿದ್ದ ಭವಿಷ್ಯವನ್ನು ಜೇಬಿನ ಅಲಗು ಕಸಿದುಕೊಳ್ಳುತ್ತದೆ.

ಶಾಲೆಯ ವಿಷಯದಲ್ಲಂತೂ ಎರಡು ಮಾತಿಲ್ಲ. 2023ರ ಆಗಸ್ಟ್‌ನಲ್ಲಿ ತಿರುನಲ್ವೇಲಿ ಜಿಲ್ಲೆಯ ನಾಂಗುನೇರಿಯಲ್ಲಿ ದಲಿತ ವಿದ್ಯಾರ್ಥಿಯೊಬ್ಬನ ಮನೆಗೆ ನುಗ್ಗಿ ಸಹಪಾಠಿಗಳೇ ಅವನನ್ನು ಕೊಚ್ಚಿದರು. ತಡೆಯಹೋದ ತಂಗಿಯೂ ಗಾಯಗೊಂಡಳು. ಅವರ ಕೈಯಲ್ಲಿದ್ದದ್ದು ಹಳ್ಳಿಗಳಲ್ಲಿ ನಿತ್ಯ ಕಾಣುವ ಅರಿವಾಳು. ವಿದ್ಯಾರ್ಥಿಗಳಲ್ಲಿ ಜಾತಿ ವೈಷಮ್ಯವನ್ನು ತಡೆಯುವ ಬಗೆಯನ್ನು ಸೂಚಿಸಲು ರಾಜ್ಯ ಸರ್ಕಾರವು ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರ ಏಕಸದಸ್ಯ ಸಮಿತಿಯನ್ನು ನೇಮಿಸಿತು. 2024ರಲ್ಲಿ ವರದಿ ಬಂದಿತು. ದ್ವೇಷಕ್ಕೆ ಪರಿಹಾರ ಅಲಗನ್ನು ಅಡಗಿಸುವುದಷ್ಟೇ ಅಲ್ಲ. ಆದರೆ ಅಲಗು ಕೈಗೆಟಕದಿದ್ದರೆ ಸಿಟ್ಟು ಇಳಿಯಲು ಸಮಯ ಸಿಗುತ್ತದೆ. 18 ತುಂಬದವರ ಪ್ರಕರಣ ಬಾಲನ್ಯಾಯ ಮಂಡಳಿಯ ಮುಂದೆ ಹೋಗುವುದಾದರೂ ಗಾಯಗೊಂಡ ಮಗುವಿಗೆ ಅದರಿಂದ ಯಾವ ಸಮಾಧಾನ?

ಆದುದರಿಂದ ಹೆತ್ತವರು ಕೆಲವು ನಿಯಮಗಳನ್ನು ಪಾಲಿಸುವುದೊಳಿತು. ಕೆಲಸದ ಕತ್ತಿ ಒರೆಯಲ್ಲಿದ್ದು ಕೆಲಸದ ಜಾಗದಲ್ಲೇ ಉಳಿಯಲಿ. ಸಾಗಿಸಬೇಕಾದಾಗ ಅದನ್ನು ಸುತ್ತಿ, ಇತರ ಸಲಕರಣೆಗಳ ಜೊತೆಯಲ್ಲಿಡಿ. ಗುಂಡಿ ಒತ್ತಿದರೆ ಚಿಮ್ಮುವ ಚಾಕುವನ್ನು ಕೊಳ್ಳಲೇಬೇಡಿ. ವಿಮಾನದಲ್ಲಿ ಕೈಚೀಲದಲ್ಲಿ ಯಾವ ಚಾಕುವನ್ನೂ ಒಯ್ಯಬೇಡಿ. ಮಕ್ಕಳಿಗೆ ಅಲಗು ಹಿಡಿಯುವುದನ್ನು ಅಡುಗೆಮನೆಯಲ್ಲಿ, ತೋಟದಲ್ಲಿ ನಿಮ್ಮ ಕಣ್ಣೆದುರೇ ಕಲಿಸಿರಿ; ಶಾಲೆಯ ಚೀಲಕ್ಕೆ ಪೆನ್ಸಿಲ್ ಹೆರೆಯುವ ಶಾರ್ಪನರ್ ಸಾಕು. ಚಾಕುವನ್ನು ಆರಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಯಾವುದು ಬಲಿಷ್ಠ ಎಂಬುದಲ್ಲ. ಇಂದು ಯಾವ ಕೆಲಸಕ್ಕೆ ಇದನ್ನು ಒಯ್ಯುತ್ತಿದ್ದೇನೆ ಎಂಬುದು. ಉತ್ತರವಿಲ್ಲದಿದ್ದರೆ ಅದು ಮನೆಯಲ್ಲೇ ಇರಲಿ.