ಚೇಂಬರಿನ ಪಾಠ: ಒಂದು ಅಭ್ಯಾಸ ಬೋಧನೆಯ ಅನುಭವ

ಏಳನೇ ತರಗತಿಗೆ ತ್ಯಾಜ್ಯನೀರಿನ ಪಾಠ ತೆಗೆದುಕೊಂಡಾಗ ನನ್ನ ಪಾಠಯೋಜನೆಯ ಬಹುಭಾಗ ಶುದ್ಧೀಕರಣ ಘಟಕದ ಚಿತ್ರಪಟಕ್ಕೇ ಮೀಸಲಾಗಿತ್ತು. ಪೀಠಿಕೆಗೆಂದು, "ಮನೆಯ ಒಳಚರಂಡಿ ಕಟ್ಟಿಕೊಂಡರೆ ಏನು ಮಾಡುತ್ತೀರಿ?" ಎಂದು ಕೇಳಿದೆ. "ಆ್ಯಸಿಡ್ ಸುರೀತೀವಿ" ಎಂದರು ಕೆಲವರು. ಹಿಂದಿನ ಬೆಂಚಿನ ಹುಡುಗನೊಬ್ಬ, "ನಮ್ಮ ಚಿಕ್ಕಪ್ಪನ್ನ ಕರೀತಾರೆ, ಅವರು ಒಳಗೆ ಇಳೀತಾರೆ" ಎಂದ. ಒಂದಿಬ್ಬರು ನಕ್ಕರು. ನಾನು "ಸರಿ, ಕುಳಿತುಕೋ" ಎಂದು ಚಿತ್ರಪಟ ಬಿಚ್ಚಿದೆ. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದರು: 'ಆ ಉತ್ತರವನ್ನು ಬಿಟ್ಟಿದ್ದೇಕೆ?'

ಮರುದಿನ ಪಾಠವನ್ನು ಆ ಉತ್ತರದಿಂದಲೇ ಆರಂಭಿಸಿದೆ. ಯಾರೂ ಇಳಿಯದೆ, ಅಡಚಣೆ ಎಲ್ಲಿದೆ ಎಂದು ಮೇಲಿನಿಂದಲೇ ಹೇಳಬಹುದೇ?

ಬಹುಮಟ್ಟಿಗೆ ಹೇಳಬಹುದು. ಅಡುಗೆಮನೆಯ ಸಿಂಕ್ ಒಂದೇ ನಿಧಾನವಾದರೆ ತೊಂದರೆ ಅದರ ಸ್ವಂತ ಕೊಳವೆಯದು. ಹೆಚ್ಚಾಗಿ ಎಣ್ಣೆ, ಜಿಡ್ಡು. ವಾಷಿಂಗ್ ಮಷೀನ್ ನೀರು ಬಿಟ್ಟಾಗ ನೆಲಮಹಡಿಯ ಶೌಚದಲ್ಲಿ ಗುಳುಗುಳು ಸದ್ದಾಗಿ ನೀರು ಮೇಲೆ ಬಂದರೆ ಮುಖ್ಯ ಕೊಳವೆಯನ್ನೇ ಅನುಮಾನಿಸಬೇಕು. ಆಗ ಚೇಂಬರುಗಳ ಮುಚ್ಚಳ ತೆಗೆಸಿ ನೋಡಬೇಕು (ಮಕ್ಕಳು ತೆಗೆಯಬಾರದು, ದೊಡ್ಡವರೂ ಒಳಕ್ಕೆ ಬಗ್ಗಬಾರದು). ಮೊದಲನೆಯದು ತುಂಬಿ ಎರಡನೆಯದು ಖಾಲಿ ಇದ್ದರೆ ಅಡಚಣೆ ಅವೆರಡರ ನಡುವೆ. ಕೊನೆಯದೂ ತುಂಬಿದ್ದರೆ ತೊಂದರೆ ಬೀದಿಯ ಕಡೆಗಿದೆ. ಪ್ಲಂಬರ್‌ಗೆ ಹಣ ಕೊಡುವ ಮೊದಲು ನಗರಸಭೆಗೆ ದೂರು ಕೊಡಬೇಕು. ಬೆಂಗಳೂರಿನಲ್ಲಾದರೆ ಜಲಮಂಡಳಿಯ 1916. ಮಳೆ ಬಂದಾಗ ಮಾತ್ರ ಉಕ್ಕುವುದಾದರೆ ತಾರಸಿಯ ನೀರನ್ನು ಯಾರೋ ಒಳಚರಂಡಿಗೆ ಜೋಡಿಸಿರುವ ಸಾಧ್ಯತೆ ಇದೆ.

ಬಳಸದ ಬಚ್ಚಲಿನಿಂದ ವಾಸನೆ ಬಂದರೆ ಗಾಬರಿ ಬೇಡ. ಬಾಗಿದ ಕೊಳವೆಯಲ್ಲಿ ನಿಂತು ಅನಿಲವನ್ನು ತಡೆಯುವ ನೀರು ಆರಿರುತ್ತದೆ. ಎರಡು ಚೊಂಬು ನೀರು ಹಾಕಿದರೆ ಸಾಕು. ಪಾರದರ್ಶಕ ಕೊಳವೆಯನ್ನು ಬಾಗಿಸಿ, ಬಣ್ಣದ ನೀರು ಹಾಕಿ ಇದನ್ನು ತೋರಿಸಿದೆ. ಇಪ್ಪತ್ತು ರೂಪಾಯಿಯ ಈ ಉಪಕರಣ ನನ್ನ ಚಿತ್ರಪಟಕ್ಕಿಂತ ಹೆಚ್ಚು ಕಲಿಸಿತು.

ಆ್ಯಸಿಡ್ ಬೇಡವೆಂದು ಒತ್ತಿ ಹೇಳಿದೆ. ಅದು ಬ್ಲೀಚಿಂಗ್ ಪುಡಿಯೊಡನೆ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಕೊಳಚೆಯಲ್ಲೇ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಇನ್ನೂ ಮೋಸದ್ದು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 100 ಭಾಗ ಮುಟ್ಟುವ ಹೊತ್ತಿಗೆ ಮೂಗು ವಾಸನೆಯನ್ನೇ ಗ್ರಹಿಸದಾಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ಗುಂಡಿಯ ತಳದಲ್ಲೇ ನಿಲ್ಲುತ್ತದೆ. ಒಬ್ಬರು ಬಿದ್ದಾಗ ಎತ್ತಲು ಇಳಿದವರೂ ಸಾಯುವುದು ಇದರಿಂದಲೇ.

ರಕ್ಷಣಾ ಸಾಧನಗಳಿಲ್ಲದೆ ಯಾರನ್ನಾದರೂ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು 2013ರ ಕಾಯ್ದೆಯಂತೆ ಅಪರಾಧ. ಮೊದಲ ಬಾರಿಗೇ ಎರಡು ವರ್ಷದವರೆಗೆ ಜೈಲಾಗಬಹುದು. ಮನೆಯ ಮಾಲೀಕರಿಗೂ ಇದು ಅನ್ವಯಿಸುತ್ತದೆ. ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಸಕ್ಕಿಂಗ್, ಜೆಟ್ಟಿಂಗ್ ಯಂತ್ರಗಳಿರುವಾಗ ಇಳಿಸುವುದಕ್ಕೆ ನೆಪವೂ ಉಳಿದಿಲ್ಲ. ಇದು ವಿಜ್ಞಾನದ ಪಾಠವೇ ಎಂದು ಸಹಪಾಠಿಯೊಬ್ಬರು ಕೇಳಿದರು. ಅನಿಲದ ಗುಣ ಹೇಳಿ, ಅದನ್ನು ಉಸಿರಾಡುವವರನ್ನು ಬಿಟ್ಟರೆ ಪಾಠ ಅರ್ಧವಾಗುತ್ತದೆ ಎಂದೇ ನನ್ನ ಅನಿಸಿಕೆ.

ಆ ಹುಡುಗನನ್ನು ಎದ್ದು ನಿಲ್ಲಿಸಿ ಅವನ ಮನೆಯ ವಿಷಯ ಕೇಳಬಾರದೆಂದು ಮೊದಲೇ ನಿರ್ಧರಿಸಿದ್ದೆ. ಚೇಂಬರುಗಳ ನಕ್ಷೆ ಬಿಡಿಸುವಾಗ ಅವನೇ ಬಂದು, "ಟೀಚರ್, ಮುಚ್ಚಳ ತೆಗೆದ ತಕ್ಷಣ ನೋಡಬಾರದು, ಗಾಳಿ ಹೋಗೋಕೆ ಬಿಡಬೇಕು" ಎಂದ. ಕಪ್ಪುಹಲಗೆಯ ಮೇಲೆ ಆ ಸಾಲನ್ನು ಅವನಿಂದಲೇ ಬರೆಸಿದೆ.